ಅವಳು ಪಕ್ಕದ ಸೀಟಿನಲ್ಲಿ ಕೂತಿದ್ದ ಎಂಟು ದಿನ

ಲಿಸ್ಬನ್ನಿಗೆ ಹೋಗೋಣ ಎಂದವಳು ಅವಳೇ. ನಾನಾಗಿ ಎಂದೂ ಆ ಊರಿನ ಹೆಸರೆತ್ತಿದವಳಲ್ಲ. ನನ್ನ ಪಾಲಿಗೆ ಯುರೋಪ್ ಎಂದರೆ ಅಮೆರಿಕದಿಂದ ಬೆಂಗಳೂರಿಗೆ ಹೋಗುವಾಗ ನಡುವೆ ನಾಲ್ಕು ಗಂಟೆ ಕಾಯಬೇಕಾದ ವಿಮಾನ ನಿಲ್ದಾಣ, ಅಷ್ಟೆ.

ಅವಳು ನನ್ನ ಗೆಳತಿ. ಸ್ಯಾನ್ ಮಟಿಯೋದ ಲ್ಯಾಬಿನಲ್ಲಿ ನನ್ನ ಮೇಲಧಿಕಾರಿಯೂ ಅವಳೇ. ಧಾರವಾಡದವಳು, ನನಗಿಂತ ಆರು ವರ್ಷ ದೊಡ್ಡವಳು. ಹದಿನೇಳು ವರ್ಷ ಅವಳನ್ನು ನಾನು ಅಕ್ಕ ಎಂದೇ ಕರೆದೆ. ಮೊದಲ ಸಲ ನೋಡಿದ್ದು ಸನ್ನಿವೇಲ್‌ನ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ. ಒದ್ದೆ ಬಟ್ಟೆಯನ್ನು ಡ್ರೈಯರಿಗೆ ತುಂಬುತ್ತ, ಕಿವಿ ಮತ್ತು ಭುಜದ ನಡುವೆ ಫೋನು ಸಿಕ್ಕಿಸಿಕೊಂಡು ಯಾರನ್ನೋ ಬೈಯುತ್ತಿದ್ದಳು. ಆ ಕನ್ನಡ ಕೇಳಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಫೋನು ಇಟ್ಟು ನನ್ನ ಕಡೆ ತಿರುಗಿ, "ಕನ್ನಡ ತಿಳೀತದೇನು? ಹಂಗಾದ್ರ ಎಲ್ಲಾ ಕೇಳಿಸ್ಕೊಂಡಿ ಅನ್ನು" ಎಂದು ನಕ್ಕಳು. ಬೈಸಿಕೊಂಡವನು ಅವಳ ಗಂಡ. ಮುಂದಿನ ವರ್ಷ ಅವನು ಬಿಟ್ಟುಹೋದ. ಮಗನನ್ನು ಅವಳೊಬ್ಬಳೇ ಬೆಳೆಸಿದಳು.

ನನಗೆ ಆಗ ಕೆಲಸ ಮಾಡುವ ಪರವಾನಗಿ ಇರಲಿಲ್ಲ. ಗಂಡನ ವೀಸಾದ ಮೇಲೆ ಬಂದು, ಹಾಸನದಲ್ಲಿ ಓದಿದ ಕೆಮಿಸ್ಟ್ರಿಯನ್ನು ದಿನಕ್ಕಿಷ್ಟು ಮರೆಯುತ್ತ ಮನೆಯಲ್ಲಿದ್ದೆ. ಗ್ರೀನ್ ಕಾರ್ಡು ಬಂದ ವಾರವೇ ಅವಳು ನನ್ನನ್ನು ತನ್ನ ಲ್ಯಾಬಿಗೆ ಎಳೆದುಕೊಂಡು ಹೋದಳು. ಬಾಟಲಿ ನೀರು, ಮಕ್ಕಳ ಆಹಾರ, ಮಸಾಲೆ ಪುಡಿಗಳಲ್ಲಿ ಸೀಸದಂಥ ವಿಷ ಇದೆಯೇ ಎಂದು ಪರೀಕ್ಷಿಸುವ ಸಣ್ಣ ಲ್ಯಾಬು ಅದು. ಮೊದಲ ಆರು ತಿಂಗಳು ನಾನು ಮಾಡಿದ್ದು ಗಾಜಿನ ಸಾಮಾನು ತೊಳೆಯುವ ಕೆಲಸ. ಆಮೇಲೆ ಅವಳೇ ಪಕ್ಕದಲ್ಲಿ ನಿಂತು ಒಂದೊಂದೇ ಕಲಿಸಿದಳು. ನನ್ನ ಕೈ ನಡುಗಿದಾಗಲೆಲ್ಲ, "ಅದು ನಿನ್ನ ಅತ್ತಿ ಅಲ್ಲ, ನೀರು. ಹೆದರಬ್ಯಾಡ" ಎನ್ನುತ್ತಿದ್ದಳು. ಹನ್ನೆರಡು ವರ್ಷ ಅಲ್ಲಿ ದುಡಿದೆ. ದಿನಾ ಬೆಳಗ್ಗೆ ಇಬ್ಬರೂ ಒಂದೇ ಕಾರಿನಲ್ಲಿ ಫ್ರೀವೇ ಹಿಡಿದು ಹೋಗುತ್ತಿದ್ದೆವು. ಒಂದು ವಾರ ನನ್ನ ಕಾರು, ಒಂದು ವಾರ ಅವಳದ್ದು. ಮದುವೆಯಾದ ಹೊಸದರಲ್ಲೂ ನಾನು ಗಂಡನ ಜೊತೆ ಅಷ್ಟು ಮಾತಾಡಿದ್ದಿಲ್ಲ.

ಕಳೆದ ವರ್ಷ ನನ್ನ ಮಗಳು ಬರ್ಕ್ಲಿಯ ಕಾಲೇಜಿಗೆ ಸೇರಿ ಹಾಸ್ಟೆಲಿಗೆ ಹೋದಳು. ಗೆಳತಿಯ ಮಗನ ಮದುವೆಯೂ ಮುಗಿದಿತ್ತು. "ಇನ್ನ ಯಾರಿಗೂ ಡಬ್ಬಿ ಕಟ್ಟೂದಿಲ್ಲ. ನಾವಿಬ್ಬರ ಎಲ್ಲ್ಯರ ಹೋಗೋಣು" ಎಂದು ಶುರುಮಾಡಿದಳು. ಒಂದು ದಿನ ಊಟದ ಹೊತ್ತಿಗೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಬೆಟ್ಟದ ಮೇಲೆ ಕೆಂಪು ಹೆಂಚಿನ ಮನೆಗಳು, ಕೆಳಗೆ ಸಮುದ್ರದಂಥ ನದಿ. "ಲಿಸ್ಬನ್. ಗೋವಾಕ್ಕ ಬಂದವರ ಊರು. ನಮ್ಮ ಬ್ಯಾಡಗಿ ಮೆಣಸಿನಕಾಯಿ ಸುದ್ದಾ ಇವರು ತಂದದ್ದ. ಒಮ್ಮೆ ಹೋಗಿ ಥ್ಯಾಂಕ್ಸ್ ಹೇಳಿ ಬರೋಣು." ಅಕ್ಟೋಬರಿನಲ್ಲಿ ಎಂಟು ದಿನಕ್ಕೆ ಟಿಕೆಟ್ ಮಾಡಿಸಿದೆವು. ನನ್ನ ಗಂಡ, "ಹೋಗ್ಬನ್ನಿ, ನಾನು ಎಂಟು ದಿನ ಮೊಸರನ್ನ ತಿಂದ್ಕೊಂಡಿರ್ತೀನಿ" ಎಂದರು.

ಬಾಡಿಗೆ ಕಾರು ತೆಗೆದುಕೊಂಡದ್ದು ಅವಳ ಮೊಣಕಾಲಿಗಾಗಿ. ಆ ಊರು ಪೂರ್ತಿ ಏರಿಳಿತ, ಕಲ್ಲು ಹಾಸಿದ ರಸ್ತೆ, ಅವಳಿಗೆ ನೂರು ಹೆಜ್ಜೆ ನಡೆದರೆ ಮಂಡಿ ಊದಿಕೊಳ್ಳುತ್ತಿತ್ತು. ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ ನಗುತ್ತಲೇ, ಆಟೊಮ್ಯಾಟಿಕ್ ಕಾರು ಒಂದೂ ಉಳಿದಿಲ್ಲ, ಗೇರಿನದು ಮಾತ್ರ ಇದೆ ಎಂದಳು. ಗೆಳತಿಗೆ ಗೇರಿನ ಕಾರು ಗೊತ್ತೇ ಇಲ್ಲ, ಅವಳು ಡ್ರೈವಿಂಗ್ ಕಲಿತದ್ದೇ ಅಮೆರಿಕಕ್ಕೆ ಬಂದ ಮೇಲೆ. ನಾನು ಹಾಸನದಲ್ಲಿ ಅಪ್ಪನ ಹಳೇ ಜೀಪಿನಲ್ಲಿ ಕಲಿತು, ಮುಟ್ಟದೇ ಇಪ್ಪತ್ತೈದು ವರ್ಷವಾಗಿತ್ತು.

"ಆಗ್ತದ ನಿನಗ. ನಾ ಮ್ಯಾಪ್ ನೋಡಿ ದಾರಿ ಹೇಳ್ತೀನಿ" ಎಂದು ಕೀಲಿ ನನ್ನ ಕೈಗಿಟ್ಟಳು.

ಕಾಲಿಗೆ ಕ್ಲಚ್ಚಿನ ನೆನಪಿತ್ತು. ಕೈಗೆ ಇರಲಿಲ್ಲ. ಹಾಸನದ ಜೀಪಿನಲ್ಲಿ ಗೇರು ಎಡಗೈಗೆ, ಇಲ್ಲಿ ಬಲಗೈಗೆ. ಗೇರು ಬದಲಿಸಬೇಕಾದಾಗಲೆಲ್ಲ ನನ್ನ ಎಡಗೈ ಬಾಗಿಲಿಗೆ ಬಡಿಯುತ್ತಿತ್ತು. ಮೊದಲ ದೊಡ್ಡ ಸರ್ಕಲ್ಲಿನಲ್ಲಿ ಹೊರಗೆ ಬರಲಾರದೆ ನಾಲ್ಕು ಸುತ್ತು ಹಾಕಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತ, "ಪ್ರದಕ್ಷಿಣಿ ಮುಗೀತೇನು, ಇನ್ನ ಕಾಯಿ ಒಡಸೋಣೇನು?" ಎಂದಳು. ಆ ನಗುವಿಗೆ ಯಾವ ಕೊರತೆಯೂ ಇರಲಿಲ್ಲ. ಈಗಲೂ ಅದನ್ನು ನೆನೆಸಿಕೊಂಡು ಎಲ್ಲಾದರೂ ಒಂದು ಬಿರುಕು ಕಾಣುತ್ತದೆಯೇ ಎಂದು ಹುಡುಕುತ್ತೇನೆ. ಕಾಣುವುದಿಲ್ಲ.

ನದಿಯ ಮೇಲಿನ ಸೇತುವೆ ಕಂಡಾಗ ಇಬ್ಬರೂ ಒಟ್ಟಿಗೆ ಕೂಗಿದೆವು. ಸ್ಯಾನ್ ಫ್ರಾನ್ಸಿಸ್ಕೋದ ನಮ್ಮ ಕೆಂಪು ಸೇತುವೆಯನ್ನೇ ಬಿಚ್ಚಿ ತಂದು ಇಲ್ಲಿ ಜೋಡಿಸಿದ ಹಾಗಿತ್ತು. "ಇಷ್ಟು ದೂರ ಬಂದು ಮತ್ತ ಅದನ್ನ ನೋಡೂದೇನು" ಎಂದು ಅವಳು ಗೊಣಗಿದಳು. ಆದರೂ ಸೇತುವೆ ದಾಟುವಷ್ಟು ಹೊತ್ತೂ ಫೋಟೊ ತೆಗೆದಳು. ಹೆಚ್ಚಿನವು ಸೇತುವೆಯವಲ್ಲ, ಸ್ಟೇರಿಂಗ್ ಹಿಡಿದ ನನ್ನವು.

ಅವಳು ಆ ದಿನಗಳಲ್ಲಿ ನನ್ನನ್ನು ಬಹಳ ಹಚ್ಚಿಕೊಂಡು ನೋಡಿಕೊಂಡಳು. ನಾನು ಕಾರು ಓಡಿಸುತ್ತಿದ್ದರೆ ಕಿತ್ತಳೆ ಸುಲಿದು, ಬೀಜ ತೆಗೆದು, ತೊಳೆಯನ್ನು ಬಾಯಿಗೆ ಇಡುತ್ತಿದ್ದಳು. ನಾವಿದ್ದದ್ದು ಬೆಟ್ಟದ ಮೇಲಿನ ಒಂದು ಹಳೇ ಮನೆಯ ಮೊದಲ ಮಹಡಿಯಲ್ಲಿ. ನಾನು ಏಳುವುದರೊಳಗೆ ಕಾಫಿ ಮಾಡಿರುತ್ತಿದ್ದಳು. ಹೂವಿನ ಚಿತ್ತಾರದ ನೀಲಿ ಟೈಲ್ಸ್ ಒಂದನ್ನು ಕೊಂಡು, ಬೇಡವೆಂದರೂ ನನ್ನ ಬ್ಯಾಗಿನೊಳಗೆ ತುರುಕಿದಳು. ನನಗೆ ಅಕ್ಕತಂಗಿಯರಿಲ್ಲ. ಇದ್ದಿದ್ದರೆ ಹೀಗೇ ಇರುತ್ತಿತ್ತು ಎಂದುಕೊಂಡು, ಗಂಡನಿಗೆ ಫೋನು ಮಾಡಿದಾಗ ಅದನ್ನು ಹೇಳಿಯೂ ಹೇಳಿದೆ.

ನಾಲ್ಕನೆಯ ದಿನ ಬೆಳಗ್ಗೆ ಕೋಟೆ ನೋಡಲು ಹೊರಟೆವು. ದಾರಿ ಸಲೀಸಾಗಿತ್ತು, ನನ್ನ ಕೈಗೂ ಗೇರು ಒಗ್ಗಿತ್ತು. ಲ್ಯಾಬಿಗೆ ಹೊಸ ಯಂತ್ರವೊಂದು ಬರುವುದಿತ್ತು, ಲೋಹದ ಅಂಶವನ್ನು ಹಳೆಯದಕ್ಕಿಂತ ನೂರು ಪಾಲು ಸೂಕ್ಷ್ಮವಾಗಿ ಅಳೆಯುವಂಥದ್ದು. ಎರಡು ತಿಂಗಳಿಂದ ಅದರ ಪುಸ್ತಕ ಓದಿ, ಒಂದು ನೋಟ್‌ಬುಕ್ ತುಂಬ ಟಿಪ್ಪಣಿ ಮಾಡಿಕೊಂಡಿದ್ದೆ. ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದೆ:

"ಅಕ್ಕಾ, ಹೊಸ ಮಷಿನ್ನು ಬಂದ್ಮೇಲೆ ನಂಗೇ ಕೊಡ್ತೀಯಲ್ವಾ? ಬೇರೆ ಯಾರಿಗೂ ಕೊಡ್ಬೇಡ. ನಾನು ಆಗ್ಲೇ ಅರ್ಧ ಕಲ್ತಾಗಿದೆ."

ಅವಳು ಫೋನಿನ ಮ್ಯಾಪಿಗೆ ಬಗ್ಗಿದಳು. ನಾನು ಮತ್ತೆ, "ಏನು, ಕೊಡ್ತೀಯೋ ಇಲ್ವೋ?" ಎಂದೆ.

"ಎಡಕ್ಕ ತಿರುಗು" ಎಂದಳು.

"ಇಲ್ಲೇನಾ?"

"ಹೌದು, ಇಲ್ಲೇ, ಎಡಕ್ಕ, ತಿರುಗು ತಿರುಗು."

ತಿರುಗಿದೆ. ಅದು ರಸ್ತೆಯಲ್ಲ, ಓಣಿ. ನೆಟ್ಟಗೆ ಮೇಲಕ್ಕೆ ಏರಿ, ಎರಡೂ ಕಡೆಯ ಗೋಡೆ ಒಂದಕ್ಕೊಂದು ಹತ್ತಿರವಾಗುತ್ತ ಹೋಗುತ್ತಿತ್ತು. ನಡುವೆ ಟ್ರಾಮಿನ ಹಳಿ. ಅರ್ಧ ಏರಿದ ಮೇಲೆ ಮುಂದೆ ಯಾರೋ ವ್ಯಾನು ನಿಲ್ಲಿಸಿ ಸಾಮಾನು ಇಳಿಸುತ್ತಿದ್ದರು. ಬ್ರೇಕು ಹಾಕಿದೆ, ಎಂಜಿನ್ ಆಫಾಯಿತು. ಮತ್ತೆ ಶುರುಮಾಡಿ ಕ್ಲಚ್ಚು ಬಿಟ್ಟರೆ ಕಾರು ಹಿಂದಕ್ಕೆ ಜಾರಿತು. ಕನ್ನಡಿಯಲ್ಲಿ ನೋಡುತ್ತೇನೆ, ಹಳದಿ ಟ್ರಾಮು ಗಂಟೆ ಹೊಡೆಯುತ್ತ ನಮ್ಮ ಬೆನ್ನಿಗೇ ಬಂದು ನಿಂತಿದೆ, ತುಂಬ ಜನ.

ಇನ್ನೊಂದು ಸಲ ಜಾರಿತು. ಸುಟ್ಟ ವಾಸನೆ ಬರತೊಡಗಿತು. ಎಡಗಡೆಯ ಕನ್ನಡಿ ಗೋಡೆಗೆ ಉಜ್ಜಿತು. ಮೇಲಿನ ಕಿಟಕಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಮುದುಕಿಯೊಬ್ಬಳು ಅವಳ ಭಾಷೆಯಲ್ಲಿ ಏನೇನೋ ಕೂಗಿದಳು. ನನಗೆ ಅಳು ಬಂತು. "ನನ್ನ ಕೈಲಾಗಲ್ಲ ಅಕ್ಕಾ, ಇಲ್ಲೇ ಬಿಟ್ಟು ಹೋಗ್ಬಿಡೋಣ" ಎಂದೆ.

ಅವಳು ಬಾಗಿಲನ್ನು ಆದಷ್ಟು ತೆರೆದು, ಆ ಸಂದಿಯಲ್ಲಿ ಹೇಗೋ ನುಸುಳಿ ಇಳಿದಳು. ಆ ಮೊಣಕಾಲಿನಲ್ಲಿ ಹಿಂದಕ್ಕೆ ಕುಂಟುತ್ತ ಹೋಗಿ ಟ್ರಾಮಿನ ಮುಂದೆ ನಿಂತು, ಟ್ರಾಫಿಕ್ ಪೊಲೀಸಿನವರಂತೆ ಎರಡೂ ಕೈ ಎತ್ತಿದಳು. ಡ್ರೈವರಿಗೆ ಧಾರವಾಡದ ಕನ್ನಡದಲ್ಲೇ, "ಸ್ವಲ್ಪ ಹಿಂದಕ್ಕ ಹೋಗ್ರಿ ಯಪ್ಪಾ, ಹೆಣ್ಮಗಳು ಹೊಸದಾಗಿ ಕಲಿಲಿಕ್ಕತ್ತಾಳ!" ಎಂದು ಕೂಗಿದಳು. ಏನು ತಿಳಿಯಿತೋ, ಟ್ರಾಮು ಒಂದಿಷ್ಟು ಹಿಂದೆ ಸರಿಯಿತು. ಆಮೇಲೆ ತನ್ನ ಕಡೆಯ ಕಿಟಕಿಯಲ್ಲಿ ಬಗ್ಗಿ ಮೆಲ್ಲಗೆ, "ಹ್ಯಾಂಡ್ ಬ್ರೇಕ್ ಎಳದು ಹಿಡಿ. ನಿಮ್ಮಪ್ಪ ಹೇಳಿಕೊಟ್ಟಿರಬೇಕಲ್ಲ, ನೆನಪ ಮಾಡ್ಕೊ. ಯಾರಿಗೂ ಅವಸರ ಇಲ್ಲ" ಎಂದಳು.

ಅಪ್ಪ ಹೇಳಿಕೊಟ್ಟಿದ್ದರು. ಹ್ಯಾಂಡ್ ಬ್ರೇಕ್ ಎಳೆದು, ಆಕ್ಸಿಲರೇಟರ್ ಒತ್ತಿ, ಎಂಜಿನ್ನಿನ ಸದ್ದು ಬದಲಾಗುವ ತನಕ ಕ್ಲಚ್ಚು ಬಿಡುತ್ತ ಬಂದು, ಆಮೇಲೆ ಬ್ರೇಕ್ ಬಿಟ್ಟೆ. ಅಷ್ಟರಲ್ಲಿ ವ್ಯಾನಿನವನೂ ಹೊರಟಿದ್ದ. ಕಾರು ಕಿರುಚುತ್ತ ಮೇಲೆ ಹತ್ತಿತು. ಹಿಂದೆ ಟ್ರಾಮಿನೊಳಗಿನ ಜನ ಚಪ್ಪಾಳೆ ಹೊಡೆದರು. ಅವಳು ಕುಂಟುತ್ತ, ನಗುತ್ತ, ಕಾರಿನ ಹಿಂದೆ ಏರು ಹತ್ತಿ ಬಂದಳು.

ಮೇಲೆ ಊರೆಲ್ಲ ಕಾಣುವ ಒಂದು ಜಾಗವಿತ್ತು. ಕಟಕಟೆ, ಬೆಂಚು, ಕೆಳಗೆ ಹೆಂಚಿನ ಮನೆಗಳು, ನದಿ. ಕಾರು ನಿಲ್ಲಿಸಿ ಬೆಂಚಿನಲ್ಲಿ ಕೂತು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನನ್ನ ನಗು ನಿಂತ ಮೇಲೂ ಅವಳ ಕಣ್ಣಿನ ನೀರು ನಿಲ್ಲಲಿಲ್ಲ. ತಿರುಗಿ ನೋಡಿದರೆ ಅಳುತ್ತಿದ್ದಾಳೆ. ಸೆರಗಿಲ್ಲದ ಕುರ್ತಾದ ತೋಳಿನಿಂದ ಮುಖ ಒರೆಸಿಕೊಳ್ಳುತ್ತ ಬಿಕ್ಕುತ್ತಿದ್ದಾಳೆ. ಅದರ ಹಿಂದಿನ ವರ್ಷ ಅವಳ ಅವ್ವ ಹೋಗಿದ್ದರು, ಅವಳಿಗೆ ಸಮಯಕ್ಕೆ ಹೋಗಲಾಗಿರಲಿಲ್ಲ. ಅದೇ ಇರಬೇಕು ಎಂದುಕೊಂಡೆ.

"ಅವ್ವನ ನೆನಪಾಯ್ತಾ?" ಎಂದೆ.

ಅವಳು ನನ್ನ ಮುಖ ನೋಡಿದಳು. ಒಂದು ಕ್ಷಣ ಏನೋ ಹೇಳುವವಳಂತೆ ಬಾಯಿ ತೆರೆದಳು. ಆಮೇಲೆ, "ಹೂಂ" ಎಂದಳು.

ನಾನು ಅವಳ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು ಬೆನ್ನು ಸವರಿದೆ. ನಿನ್ನ ತಪ್ಪೇನಿಲ್ಲ ಅಕ್ಕಾ ಎಂದು ಹತ್ತು ಸಲ ಹೇಳಿದೆ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕುಡಿಸಿದೆ. ಈ ಇಡೀ ಕಥೆಯಲ್ಲಿ ನನ್ನ ಹೊಟ್ಟೆ ಉರಿಸುವುದು ಅದೊಂದೇ. ಅಲ್ಲಿ ಕೂತು ಅವಳನ್ನು ಸಮಾಧಾನ ಮಾಡಿದವಳು ನಾನು.

ಉಳಿದ ನಾಲ್ಕು ದಿನ ಅವಳು ಮತ್ತೆ ಮೊದಲಿನಂತೆಯೇ ಇದ್ದಳು. ಹಡಗುಗಳು ಹೊರಡುತ್ತಿದ್ದ ನದೀ ದಂಡೆಯ ಗೋಪುರ ನೋಡಿದೆವು. ಚರ್ಚುಗಳನ್ನು ನೋಡಿದೆವು. ಹೊಸ ಯಂತ್ರದ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಕೊಡುತ್ತಾಳೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲವಾದ್ದರಿಂದ ಉತ್ತರ ಬಾರದ್ದು ನೆನಪಿನಲ್ಲೇ ಉಳಿಯಲಿಲ್ಲ.

ಸನ್ನಿವೇಲ್‌ಗೆ ಮರಳಿದ ಐದನೆಯ ದಿನ, ಕೆಲಸ ಶುರುವಾಗಿ ಅರ್ಧ ಗಂಟೆಗೆ, ನನ್ನನ್ನು ಮೀಟಿಂಗ್ ರೂಮಿಗೆ ಕರೆದರು. ಅವತ್ತೂ ಇಬ್ಬರೂ ಒಂದೇ ಕಾರಿನಲ್ಲಿ ಬಂದಿದ್ದೆವು, ಅವಳ ಕಾರು. ದಾರಿಯಲ್ಲಿ ಅವಳು ತಲೆನೋವು ಎಂದಿದ್ದಳು. ರೂಮಿನಲ್ಲಿ ನಾನು ಕಂಡಿರದ ಒಬ್ಬ ಹೆಂಗಸು ಕೂತಿದ್ದಳು, ಪಕ್ಕದಲ್ಲಿ ಅವಳು. ಲ್ಯಾಬನ್ನು ಬೇಸಿಗೆಯಲ್ಲಿ ದೊಡ್ಡದೊಂದು ಸಂಸ್ಥೆ ಕೊಂಡಿತ್ತು. ಆ ಹೆಂಗಸು ಅಲ್ಲಿಂದ ಬಂದವಳು. ಮೆತ್ತಗಿನ ದನಿಯಲ್ಲಿ ನನ್ನ ಹುದ್ದೆ ಇನ್ನಿಲ್ಲವೆಂದೂ, ಇದು ನನ್ನ ಕೆಲಸದ ಮೇಲಿನ ತೀರ್ಪಲ್ಲವೆಂದೂ ಹೇಳಿದಳು. ಒಂದು ಕವರು ಮುಂದೆ ತಳ್ಳಿದಳು. ನಾನು ಗೆಳತಿಯ ಕಡೆ ನೋಡಿದೆ. ಅವಳು ಮೇಜಿನ ಮೇಲಿದ್ದ ತನ್ನ ಪೆನ್ನನ್ನು ನೋಡುತ್ತಿದ್ದಳು.

ಆಗಲೂ ನನಗೆ ಹೊಳೆಯಲಿಲ್ಲ. ಪಾಪ, ಇವಳಿಗೂ ಈಗಲೇ ಗೊತ್ತಾಗಿರಬೇಕು, ನನ್ನ ಮುಖ ಹೇಗೆ ನೋಡಿಯಾಳು ಎಂದು ನಾನೇ ಮರುಗಿದೆ. ಒಂದು ಪೆಟ್ಟಿಗೆಯಲ್ಲಿ ನನ್ನ ಕಪ್ಪು, ಸ್ವೆಟರು, ಟಿಪ್ಪಣಿಯ ನೋಟ್‌ಬುಕ್ಕು ತುಂಬಿಕೊಂಡೆ. ಬ್ಯಾಡ್ಜು ಕೊಟ್ಟೆ. ಗಂಡನಿಗೆ ತೊಂದರೆ ಕೊಡುವುದು ಬೇಡವೆಂದು ರೈಲಿನಲ್ಲಿ ಸನ್ನಿವೇಲ್‌ಗೆ ಬಂದೆ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು. ಮಧ್ಯಾಹ್ನ ಅವಳಿಗೆ ಮೆಸೇಜು ಹಾಕಿದೆ: "ನೀನು ಮನಸ್ಸಿಗೆ ಹಚ್ಕೋಬೇಡ ಅಕ್ಕಾ, ನಿನ್ನ ಕೈಲೇನಿತ್ತು." ಅದಕ್ಕೆ ಅವಳು ಕಳಿಸಿದ್ದು ಕೈಮುಗಿದ ಒಂದು ಚಿತ್ರ.

ಹತ್ತು ದಿನದ ಮೇಲೆ, ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ನೇಪಾಳದ ಹುಡುಗಿ ಮನೆಗೆ ಬಂದಳು. ಮೂವತ್ತು ದಾಟಿರಲಿಲ್ಲ. ಡೇಕೇರಿನಿಂದ ನೇರ ಬಂದಿದ್ದರಿಂದ ಏಳು ತಿಂಗಳ ಮಗು ತೋಳಿನಲ್ಲಿತ್ತು. ಒಳಗೆ ಬಂದು ಕೂರುವುದರೊಳಗೇ ಹಿಂದಿಯಲ್ಲಿ ಕ್ಷಮಿಸಿ, ಕ್ಷಮಿಸಿ ಎನ್ನತೊಡಗಿದಳು. ಏನೆಂದು ಕೇಳಿದೆ.

ಒಬ್ಬರನ್ನು ತೆಗೆಯುತ್ತಾರೆ ಎಂಬ ಗಾಳಿಸುದ್ದಿ ಸೆಪ್ಟೆಂಬರಿನಲ್ಲೇ ಅವಳ ಕಿವಿಗೆ ಬಿದ್ದಿತ್ತಂತೆ. ಕೆಲಸ ಹೋದರೆ ವೀಸಾ ಹೋಗುತ್ತದೆ, ಅರವತ್ತು ದಿನದಲ್ಲಿ ಬೇರೆ ಕೆಲಸ ಸಿಗದಿದ್ದರೆ ಮಗುವನ್ನು ಎತ್ತಿಕೊಂಡು ದೇಶ ಬಿಡಬೇಕು. ಹೆದರಿಕೆಯಲ್ಲಿ ನಿದ್ದೆಯಿಲ್ಲದೆ ಅಳುತ್ತಿದ್ದಳಂತೆ. ಒಂದು ದಿನ ನನ್ನ ಗೆಳತಿ ಅವಳನ್ನು ಕರೆದು, ನಿನಗೇನೂ ಆಗುವುದಿಲ್ಲ, ಹೆಸರು ಕೊಟ್ಟಾಗಿದೆ, ಅದು ನಿನ್ನದಲ್ಲ ಎಂದಳಂತೆ.

"ಅದು ಯಾವಾಗ?" ಎಂದೆ.

"ನೀವಿಬ್ಬರೂ ಲಿಸ್ಬನ್ನಿಗೆ ಹೋಗೋ ಮುಂಚೆ. ನೀವು ರಜಾದಿಂದ ನಗ್ತಾ ಬಂದು ನಂಗೆ ಚಾಕೊಲೇಟ್ ಕೊಟ್ರಲ್ಲ ದೀದಿ, ಅವತ್ತಿಂದ ನಾನು ಸರಿಯಾಗಿ ಊಟ ಮಾಡಿಲ್ಲ" ಎಂದು ಅವಳು ಹಿಂದಿಯಲ್ಲಿ ಹೇಳಿ ಅತ್ತಳು. ಮಗುವೂ ಅತ್ತಿತು. ನಾನು ಮಗುವನ್ನು ಎತ್ತಿಕೊಂಡೆ. ಆ ಹುಡುಗಿಯ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ.

ಎರಡು ದಿನ ಕಳೆದು ಭಾನುವಾರ. ಹನ್ನೊಂದು ಗಂಟೆಯ ಸುಮಾರಿಗೆ ಗೆಳತಿಯ ಅಪಾರ್ಟ್‌ಮೆಂಟಿಗೆ ಹೋದೆ. ಭಾನುವಾರಗಳಲ್ಲಿ ಅವಳು ವಾರಕ್ಕಾಗುವಷ್ಟು ಜೋಳದ ರೊಟ್ಟಿ ಬಡಿಯುತ್ತಾಳೆ. ಬಾಗಿಲು ತೆಗೆದವಳ ಕೈಯೆಲ್ಲ ಹಿಟ್ಟು. "ಬಾ, ಬಿಸಿ ರೊಟ್ಟಿ ತಿನ್ನಿಯಂತ" ಎಂದು ಅಡಿಗೆಮನೆಗೆ ನಡೆದಳು. ನಾನು ಫ್ರಿಜ್ಜಿಗೆ ಒರಗಿ ನಿಂತೆ.

"ನಿಮಗೆ ಯಾವಾಗ ಗೊತ್ತಾಯ್ತು?" ಎಂದೆ.

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ನನಗ ನೀವು ಅಂತೀ?"

"ಯಾವಾಗ ಗೊತ್ತಾಯ್ತು ಹೇಳಿ."

"ಹೋಗೂಕಿಂತ ಎರಡು ವಾರ ಮೊದಲ."

"ಹೆಸರು ಕೊಟ್ಟಿದ್ಯಾರು?"

"ನಾನ ಕೊಟ್ಟೆ." ಅವಳು ಮತ್ತೆ ಬಡಿಯತೊಡಗಿದಳು. "ನಿಮ್ಮಿಬ್ಬರೊಳಗ ಒಬ್ಬರು ಅಂದ್ರು. ಆಕೀಗೆ ವೀಸಾ, ಕೈಯಾಗ ಕೂಸು. ನಿನಗ ಗ್ರೀನ್ ಕಾರ್ಡ್ ಅದ, ಗಂಡನ ನೌಕರಿ ಅದ. ನನ್ನ ಜಾಗಾದಾಗ ನೀ ಇದ್ದಿದ್ರ ಏನ್ ಮಾಡ್ತಿದ್ದಿ, ಹೇಳು."

"ಅದನ್ನೇ ಮಾಡ್ತಿದ್ದೆ" ಎಂದೆ. ಸುಳ್ಳಲ್ಲ. "ಕೆಲಸದ ಮಾತು ಆಡಕ್ಕೆ ಬಂದಿಲ್ಲ ನಾನು. ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಬಾರದು ಅಂತ ಸಹಿ ಮಾಡಿಸ್ಕೊಂಡಿದ್ರು."

"ಅವಳಿಗೆ ಹೇಳಿದ್ರಲ್ಲ."

ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂತು. ಅವಳು ಅದನ್ನು ತಿರುವಿಹಾಕಲಿಲ್ಲ, ಒಲೆಯನ್ನೇ ಆರಿಸಿದಳು. "ಆಕಿ ವಾಶ್‌ರೂಮಿನಾಗ ಕೂತು ಅಳಲಿಕ್ಕತ್ತಿದ್ದಳು. ನೋಡ್ಲಿಕ್ಕಾಗ್ಲಿಲ್ಲ ನನಗ."

"ನಾನು ಎಂಟು ದಿನ ನಗ್ತಿದ್ನಲ್ಲ. ಅದನ್ನ ನೋಡಕ್ಕಾಯ್ತಾ?"

ಅವಳು ಕೈಗಂಟಿದ ಹಿಟ್ಟನ್ನು ಬೆರಳಿನಿಂದ ಬೆರಳಿಗೆ ಉಜ್ಜಿ ಉದುರಿಸುತ್ತಿದ್ದಳು. ಆಮೇಲೆ ನನ್ನನ್ನು ನೆಟ್ಟಗೆ ನೋಡಿ ಹೇಳಿದಳು:

"ಆ ನಗೀನ ಬೇಕಾಗಿತ್ತು ನನಗ. ಹೇಳಿದ್ರ ನೀ ಬರ್ತಿದ್ದಿಲ್ಲ. ಆಮ್ಯಾಲೆ ಅಂತೂ ಎಂದೂ ಬರೂದಿಲ್ಲ, ಅದೂ ಗೊತ್ತಿತ್ತು. ಎಂಟು ದಿನ ಆದ್ರೂ ಸಿಗಲಿ ಅಂತ ಕರಕೊಂಡು ಹೋದೆ. ತಪ್ಪು ಅಂದ್ರ ತಪ್ಪು. ಖರೇ ಹೇಳೀನಿ."

ಅವಳು ಇನ್ನೊಂದು ಸುಳ್ಳು ಹೇಳಿದ್ದರೆ, ಮೇಲಿನವರನ್ನು ಬೈದು ಅತ್ತಿದ್ದರೆ, ನಾನು ಅಲ್ಲೇ ಕೂತು ಆ ರೊಟ್ಟಿ ತಿಂದು ಬರುತ್ತಿದ್ದೆನೇನೋ. ಖರೆ ಹೇಳಿದ್ದೇ ನನ್ನ ಕಾಲ ಕೆಳಗಿನ ನೆಲವನ್ನು ತೆಗೆಯಿತು. ನನ್ನ ಜೀವನದಲ್ಲಿ ನಾನು ಮನೆಯ ಹೊರಗೆ ಅಷ್ಟು ಸಂತೋಷವಾಗಿದ್ದ ದಿನಗಳು ಬೇರೆ ಇಲ್ಲ. ಅವು ನಮ್ಮಿಬ್ಬರವು ಎಂದುಕೊಂಡಿದ್ದೆ. ಅವಳು ಅವನ್ನು ಬೀಳ್ಕೊಡುಗೆಯೆಂದು ತಿಳಿದು ತನಗೆ ಬೇಕಾದಷ್ಟು ತುಂಬಿಕೊಂಡಿದ್ದಳು. ನಾನು ಹಲ್ಲು ಕಿರಿದುಕೊಂಡು ಕಾರು ಓಡಿಸುತ್ತಿದ್ದೆ. ಕಿತ್ತಳೆ ತೊಳೆ ಬಾಯಿಗಿಟ್ಟ ಕೈಗೂ ಗೊತ್ತಿತ್ತು, ಫೋಟೊ ತೆಗೆದ ಕಣ್ಣಿಗೂ ಗೊತ್ತಿತ್ತು. ಆ ಕಾರಿನಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.

"ಬರ್ತೀನಿ" ಎಂದೆ. ಅವಳು ಬಾಗಿಲ ತನಕ ಬಂದಳು.

ನನ್ನ ಗಂಡ ಒಳ್ಳೆಯ ಮನುಷ್ಯ. "ಬಿಡು, ಅವರ ಜಾಗದಲ್ಲಿ ಅವರಿಗೂ ಕಷ್ಟ" ಎಂದರು. ಮಗಳು ಬರ್ಕ್ಲಿಯಿಂದ ಫೋನಿನಲ್ಲಿ, "ಮಾಮ್, ಶೀ ಲಿಟರಲಿ ಕುಡಂಟ್ ಟೆಲ್ ಯು. ದೇರ್ ಆರ್ ರೂಲ್ಸ್" ಎಂದಳು. ಅವರಿಬ್ಬರು ಹೇಳಿದ್ದೂ ಸರಿಯೇ. ಸರಿಯಾದ ಮಾತುಗಳನ್ನು ಕೇಳಿ ಕೇಳಿ ನನಗೆ ಸಾಕಾಗಿತ್ತು. ಯಾರಾದರೂ ಒಬ್ಬರು, ಹೌದು ಕಣೇ, ಅದು ಮೋಸವೇ ಎನ್ನಲಿ ಎಂದು ಕಾಯುತ್ತಿದ್ದೆ. ಯಾರೂ ಅನ್ನಲಿಲ್ಲ.

ಲ್ಯಾಬುಗಳಲ್ಲಿ ನಾಲ್ಕು ತಿಂಗಳು ಕೆಲಸ ಹುಡುಕಿದೆ. ನನ್ನ ವಯಸ್ಸು ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಆದರೆ ಎರಡನೆಯ ಇಂಟರ್‌ವ್ಯೂ ಎಲ್ಲೂ ಬರಲಿಲ್ಲ. ಕಡೆಗೆ ಪರೀಕ್ಷೆಗೆ ರಕ್ತ ತೆಗೆಯುವ ಕೋರ್ಸು ಮಾಡಿ ಒಂದು ಕ್ಲಿನಿಕ್ಕಿಗೆ ಸೇರಿದೆ. ಕೈ ನಡುಗುವುದಿಲ್ಲ, ಅದಕ್ಕಾಗಿ ಎಲ್ಲರೂ ಹೊಗಳುತ್ತಾರೆ. ಆ ಕೈಯನ್ನು ಯಾರು ಪಳಗಿಸಿದ್ದು ಎಂದು ನಾನು ಅಲ್ಲಿ ಯಾರಿಗೂ ಹೇಳಿಲ್ಲ.

ಒಮ್ಮೆ ಮಗನ ಮನೆಗೆ ಬಂದಿದ್ದ ವಯಸ್ಸಾದ ಹೆಂಗಸೊಬ್ಬರು ಸೂಜಿ ನೋಡಿ ಹೆದರಿ, "ಸಾವಕಾಶ ತಗೀಯವಾ" ಎಂದರು. ಹುಬ್ಬಳ್ಳಿಯ ಕಡೆಯವರು. ಬೇರೆ ಯಾರಾಗಿದ್ದರೂ ಅವರ ಕೈ ಹಿಡಿದು ಎರಡು ಕನ್ನಡದ ಮಾತಾಡುತ್ತಿದ್ದರು. ನನಗೆ ಆ ದನಿ ಕೇಳಿದ್ದೇ ಬೆನ್ನು ಸೆಟೆದುಕೊಂಡಿತು. ಇಂಗ್ಲಿಷಿನಲ್ಲಿ, ಮುಷ್ಟಿ ಕಟ್ಟಿ ಎಂದೆ. ಅವರಿಗೆ ತಿಳಿಯಲಿಲ್ಲ, ಕೈಸನ್ನೆ ಮಾಡಿ ತೋರಿಸಿದೆ. ಅವರು ಹೋದ ಮೇಲೆ ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ದೇವಸ್ಥಾನದಲ್ಲಿ ಎರಡು ಸಲ ಅವಳು ಕಂಡಳು. ದೂರದಿಂದಲೇ ತಲೆ ಆಡಿಸಿದೆವು. ಯುಗಾದಿಗೆ ಮೆಸೇಜು ಕಳಿಸಿದಳು, ನಾನೂ ಅಷ್ಟೇ ಉದ್ದದ್ದು ಕಳಿಸಿದೆ. ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಫೋನು ಮಾಡಿದಳು. ಊಟದ ವಿರಾಮದಲ್ಲಿ ಕ್ಲಿನಿಕ್ಕಿನ ಪಾರ್ಕಿಂಗ್ ಲಾಟಿನಲ್ಲಿದ್ದೆ, ಎತ್ತಿದೆ.

"ಲ್ಯಾಬ್ ಬಿಟ್ಟೆ. ಮಗ ಟೆಕ್ಸಸ್‌ಗೆ ಬಾ ಅಂತಾನ. ಮುಂದಿನ ವಾರ ಹೊಂಟೀನಿ" ಎಂದಳು.

"ಹೌದಾ? ಒಳ್ಳೇದಾಯ್ತು."

"ಮನಿ ಖಾಲಿ ಮಾಡ್ಲಿಕ್ಕತ್ತೀನಿ. ಪಾತ್ರೆ, ಹಂಚು, ಏನರ ಬೇಕೇನು ನಿನಗ?"

"ಏನೂ ಬೇಡ. ಜಾಗ ಇಲ್ಲ ನಮ್ಮನೇಲಿ."

"ಹೋಗೂದರೊಳಗ ಒಮ್ಮೆ ಬಂದು ಹೋಗ್ಲೇನು?"

ಬಾ ಎನ್ನುವುದು ಒಂದೇ ಅಕ್ಷರದ ಮಾತು. ನನ್ನ ಬಾಯಲ್ಲಿ ಅದು ಹುಟ್ಟಲಿಲ್ಲ. "ಈ ವಾರ ಡ್ಯೂಟಿ ಜಾಸ್ತಿ ಇದೆ, ನೋಡ್ತೀನಿ" ಎಂದೆ. ಡ್ಯೂಟಿ ಜಾಸ್ತಿ ಇರಲಿಲ್ಲ.

"ಆತು" ಎಂದಳು. ಅವಳ ಕಡೆ ಯಾವುದೋ ಪೆಟ್ಟಿಗೆಗೆ ಟೇಪು ಎಳೆಯುವ ಸದ್ದು ಕೇಳಿಸಿತು, ಯಾರನ್ನೋ ಸಹಾಯಕ್ಕೆ ಕರೆದುಕೊಂಡಿರಬೇಕು. ಆಮೇಲೆ ಅವಳೇ ಇಟ್ಟಳು.

ಅವಳು ಹೋಗಿ ಈಗ ಎರಡು ತಿಂಗಳಾಯಿತು. ಹೊಸ ವಿಳಾಸ ಕಳಿಸಿದ್ದಾಳೆ. ನಾನು ಅದನ್ನು ಬರೆದಿಟ್ಟುಕೊಂಡಿಲ್ಲ, ಅಳಿಸಿಯೂ ಇಲ್ಲ.